ಬೆಂಕಿ ಎಲ್ಲಿ? – ಡಬ್ಬಿ ನಂಬರ್ 342ರ ಕಥೆ

ಹೋದ ಬೇಸಿಗೆಯ ಮಾತು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಇನ್ನೇನು ನಿದ್ದೆಗೆ ಜಾರಬೇಕು, ಕೆಳಗಿನಿಂದ ಯಾರೋ ಕೂಗಿಕೊಂಡ ಸದ್ದು. ಕಿಟಕಿಯಿಂದ ಇಣುಕಿದರೆ ಎದುರಿನ ಕಟ್ಟಡದ ಮೆಟ್ಟಿಲ ಬುಡದಲ್ಲಿ ಕರೀ ಹೊಗೆ. ಮೀಟರ್ ಬೋರ್ಡಿಗೆ ಬೆಂಕಿ ಹತ್ತಿಕೊಂಡಿತ್ತು. ಮೂರು ಮಹಡಿ, ಆರು ಮನೆ, ಇಳಿಯಲು ಇರುವುದು ಅದೊಂದೇ ಮೆಟ್ಟಿಲು. ಎರಡನೇ ಮಹಡಿಯಲ್ಲಿ ಬಾಣಂತಿಯೊಬ್ಬಳು ಮಗುವನ್ನು ಎದೆಗವಚಿಕೊಂಡು ಬಾಲ್ಕನಿಯಲ್ಲಿ ನಿಂತಿದ್ದಳು.

ಫೋನ್ ಮಾಡಿದವನು ನಾನೇ. ಆ ಕಡೆಯಿಂದ ಮೊದಲು ಬಂದ ಪ್ರಶ್ನೆ, "ಎಲ್ಲಿ ಸರ್?" ಬಡಾವಣೆಯ ಹೆಸರು ಹೇಳಿ, "7ನೇ ಕ್ರಾಸ್" ಅಂದೆ. ಫೋನ್ ಇಟ್ಟು ಕೆಳಗೆ ಓಡಿದೆ. ಮಹಾ ಕೆಲಸ ಮಾಡಿದೆ ಅನ್ನುವ ಹುಮ್ಮಸ್ಸು ಬೇರೆ. ಬೀದಿ ಮೂಲೆಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿರುವ ಅಣ್ಣ ಓಡಿಬಂದು ಕೇಳಿದ, "ಸಾರ್, ಯಾವ ಸ್ಟೇಜ್ ಅಂತ ಹೇಳಿದ್ರಾ?"

ನನಗೆ ಹೊಟ್ಟೆಯೊಳಗೆ ಧಸಕ್ ಅಂತು. ನಮ್ಮ ಬಡಾವಣೆಯಲ್ಲಿ 7ನೇ ಕ್ರಾಸ್ ಎರಡಿವೆ. ಒಂದು ಮೊದಲ ಹಂತದಲ್ಲಿ, ಇನ್ನೊಂದು ಎರಡನೇ ಹಂತದಲ್ಲಿ. ನಡುವೆ ಮುಖ್ಯರಸ್ತೆ, ಸಿಗ್ನಲ್ಲು, ಒನ್ ವೇ. ನಾನು ಬ್ಬೆಬ್ಬೆ ಅನ್ನುವಷ್ಟರಲ್ಲಿ ಆ ಮನುಷ್ಯ ತನ್ನ ಹಳೇ ಮೊಪೆಡ್ ಹತ್ತಿ ಹೊರಟೇ ಬಿಟ್ಟಿದ್ದ. ಮುಖ್ಯರಸ್ತೆಯ ಸರ್ಕಲ್ಲಿನಲ್ಲಿ ನಿಂತು, ಆ ಕಡೆ ತಿರುಗುತ್ತಿದ್ದ ಫೈರ್ ಇಂಜಿನ್ನಿಗೆ ಕೈಬೀಸಿ ನಿಲ್ಲಿಸಿ, ದಾರಿ ತೋರಿಸಿಕೊಂಡು ಕರೆತಂದ. ಯಾರಿಗೂ ಏನೂ ಆಗಲಿಲ್ಲ. ಬಾಣಂತಿಯನ್ನೂ ಮಗುವನ್ನೂ ಏಣಿಯಲ್ಲಿ ಇಳಿಸಿದರು. ಮಗು ಅಷ್ಟು ಗಲಾಟೆಯಲ್ಲೂ ನಿದ್ದೆ ಮಾಡುತ್ತಿತ್ತು.

ಅವತ್ತು ರಾತ್ರಿ ನನಗೆ ಮಾತ್ರ ನಿದ್ದೆ ಬರಲಿಲ್ಲ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ, ದಿನವಿಡೀ ಸರ್ವರ್‌ಗಳ ಜೊತೆ ಹೆಣಗುವ ನಾನು ಒಂದು ವಿಳಾಸ ಸರಿಯಾಗಿ ಹೇಳಲಿಲ್ಲವಲ್ಲ... ಆ ಚಡಪಡಿಕೆಯಲ್ಲಿ ಬೆಂಕಿ ಆರಿಸುವ ತಂತ್ರಜ್ಞಾನದ ಇತಿಹಾಸ ಓದಲು ಕೂತೆ. ರೋಬಾಟು, ಡ್ರೋನು, ಉಪಗ್ರಹ - ಮುಂದೆ ಏನೇನು ಬರಲಿದೆ ಅಂತ ತಿಳಿದು ಸಮಾಧಾನ ಪಟ್ಟುಕೊಳ್ಳುವ ಆಸೆ. ಆದರೆ ಓದುತ್ತಾ ಹೋದಂತೆ ಸಿಕ್ಕಿದ್ದು ನನ್ನದೇ ತಪ್ಪಿನ ಕಥೆ. ದೊಡ್ಡ ದೊಡ್ಡ ಊರುಗಳಲ್ಲಿ, ಆಯಾ ಕಾಲದ ಅತ್ಯಾಧುನಿಕ ಯಂತ್ರಗಳ ಎದುರೇ, ಮತ್ತೆ ಮತ್ತೆ ನಡೆದ ಕಥೆ. ಅದನ್ನೇ ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ ಈ ಬರಹ. ಸ್ವಲ್ಪ ಉದ್ದ ಆಗಿದೆ, ಕ್ಷಮಿಸಿ :)

ನೀರಿನ ಕಾಲ

ಮೊದಮೊದಲು ಬೆಂಕಿ ಆರಿಸುವುದೆಂದರೆ ನೀರು ಸಾಗಿಸುವ ಪ್ರಶ್ನೆ, ಅಷ್ಟೇ. ಕ್ರಿ.ಶ. 6ರಲ್ಲಿ ರೋಮಿನ ಚಕ್ರವರ್ತಿ ಅಗಸ್ಟಸ್ 'ವಿಜಿಲೀಸ್' ಎಂಬ ಕಾವಲು ದಳ ಕಟ್ಟಿದ. ಅವರ ಕೈಯಲ್ಲಿ ಬಕೆಟ್ಟು, ಕೊಕ್ಕೆ, ಕೊಡಲಿ. ಅದಾಗಿ ಹದಿನಾರು ಶತಮಾನ ಕಳೆದು 1666ರ ಸೆಪ್ಟೆಂಬರಿನಲ್ಲಿ ಲಂಡನ್ ಹೊತ್ತಿ ಉರಿದಾಗಲೂ ಕೈಯಲ್ಲಿದ್ದದ್ದು ಹೆಚ್ಚುಕಮ್ಮಿ ಅವೇ. ಪುಡಿಂಗ್ ಲೇನಿನ ಬೇಕರಿಯಲ್ಲಿ ಶುರುವಾದ ಬೆಂಕಿಯನ್ನು ನೋಡಲು ಮೇಯರ್ ಥಾಮಸ್ ಬ್ಲಡ್‌ವರ್ತ್ ಸಾಹೇಬರು ರಾತ್ರಿಯೇ ಎದ್ದು ಬಂದಿದ್ದರು. ಬಂದರು, ನೋಡಿದರು, ಇದೇನು ಮಹಾ ಅಂದುಕೊಂಡು ವಾಪಸ್ ಹೋಗಿ ಮಲಗಿದರು! ಸುತ್ತಲಿನ ಮನೆಗಳನ್ನು ಕೆಡವಿ ಬೆಂಕಿಯ ದಾರಿ ಕಡಿಯಲು ಅಪ್ಪಣೆ ಕೊಡಲು ಹಿಂದೇಟು ಹಾಕಿದರು. ನಾಲ್ಕೈದು ದಿನದಲ್ಲಿ ಸುಮಾರು 13,200 ಮನೆ, 87 ಚರ್ಚು ಬೂದಿ.

ಇದಾಗಿ ಆರು ವರ್ಷಕ್ಕೆ, 1672ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಯಾನ್ ವಾನ್ ಡರ್ ಹೈಡೆನ್ ತನ್ನ ಸಹೋದರನ ಜೊತೆ ಸೇರಿ ಚರ್ಮದ ಹೋಸ್ ಪೈಪು ಮಾಡಿದ. ಈತ ಮೂಲತಃ ಚಿತ್ರಕಾರ! ಕಟ್ಟಡಗಳ ಒಂದೊಂದು ಇಟ್ಟಿಗೆಯನ್ನೂ ಎಣಿಸುವಂತೆ ಬಿಡಿಸುತ್ತಿದ್ದ. ಅಲ್ಲಿಯವರೆಗೆ ಪಂಪಿನ ನೀರು ದೂರದಿಂದ ಗೋಡೆಗೆ ರಾಚುತ್ತಿತ್ತು. ಪೈಪು ಬಂದ ಮೇಲೆ ನೀರು ಮನೆಯೊಳಗೆ ಹೋಯಿತು, ನೀರಿನ ಜೊತೆ ಮನುಷ್ಯನೂ ಹೋದ. 1690ರಲ್ಲಿ ಆತ ಒಂದು ಪುಸ್ತಕ ತಂದ. ಹಳೇ ಪಂಪಿನ ಕಾಲದ ಬೆಂಕಿಗಳಲ್ಲಿ ಎಷ್ಟು ನಷ್ಟ, ಹೊಸ ಪಂಪು ಬಂದ ಮೇಲೆ ಎಷ್ಟು ಎಂದು ಲೆಕ್ಕ ಹಾಕಿ, ಚಿತ್ರ ಬರೆದು ತೋರಿಸಿದ. ನಮ್ಮ ಆಫೀಸಿನ ಪವರ್‌ಪಾಯಿಂಟ್‌ಗಳಿಗೆ ಮೂಲಪುರುಷ ಅನ್ನಬಹುದು.

ಆಮೇಲೆ ಉಗಿಯ ಕಾಲ. 1829ರಲ್ಲಿ ಲಂಡನ್ನಿನಲ್ಲಿ ಬ್ರೇತ್‌ವೇಟ್ ಮತ್ತು ಎರಿಕ್ಸನ್ ಉಗಿಯಿಂದ ನಡೆಯುವ ಪಂಪು ಕಟ್ಟಿದರು. ಕೈಯಿಂದ ಪಂಪು ಒತ್ತುವ ಹತ್ತಾರು ಜನರ ರಟ್ಟೆಯ ಕೆಲಸ ಒಂದು ಬಾಯ್ಲರ್ ಮಾಡುತ್ತಿತ್ತು. ಆದರೆ ಅಲ್ಲಿನ ಅಗ್ನಿಶಾಮಕ ದಳದ ಮುಖ್ಯಸ್ಥನಾಗಿ ಬಂದ ಜೇಮ್ಸ್ ಬ್ರೇಡ್‌ವುಡ್‌ಗೆ ಇದು ಹಿಡಿಸಲಿಲ್ಲ. ದಳ ಉಗಿ ಯಂತ್ರಕ್ಕೆ ಕೈಹಾಕುವ ಹೊತ್ತಿಗೆ 1860 ಬಂದಿತ್ತು. ಹಳೇ ಕಾಲದ ಮನುಷ್ಯ ಅಂತ ನಗುವ ಮೊದಲು ಆತನ ವಾದ ಕೇಳಿ. ದೂರ ನಿಂತು ಹೊಗೆಗೆ ನೀರು ಸುರಿದರೆ ಏನೂ ಪ್ರಯೋಜನವಿಲ್ಲ, ಒಳಗೆ ಹೋಗಬೇಕು, ಬೆಂಕಿಯ ಮೂಲ ಎಲ್ಲಿದೆ ಹುಡುಕಬೇಕು, ಅಲ್ಲಿಗೆ ನೀರು ಹಾಕಬೇಕು. ತನ್ನ ಹುಡುಗರಿಗೆ ಕಲಿಸಿದ್ದೂ ಅದನ್ನೇ. 1861ರಲ್ಲಿ ಟೂಲಿ ಸ್ಟ್ರೀಟಿನ ಗೋದಾಮುಗಳ ಬೆಂಕಿಯಲ್ಲಿ ಗೋಡೆ ಕುಸಿದು ಆತ ಸತ್ತ. ಯಂತ್ರದ ವಿಷಯದಲ್ಲಿ ಬ್ರೇಡ್‌ವುಡ್ ತಪ್ಪಿದ್ದಿರಬಹುದು. ಆದರೆ 'ಎಷ್ಟು ನೀರು' ಎನ್ನುವುದಕ್ಕಿಂತ 'ಎಲ್ಲಿಗೆ' ಎನ್ನುವುದು ಮುಖ್ಯ ಅಂತ ಆತನಿಗೆ ಗೊತ್ತಿತ್ತು.

ತಂತಿಯ ಕಾಲ

'ಎಲ್ಲಿ' ಎಂಬ ಪ್ರಶ್ನೆಗೆ ಯಂತ್ರದಿಂದಲೇ ಉತ್ತರ ಕೊಡಿಸಲು ಹೊರಟವನು ಅಮೆರಿಕದ ಬಾಸ್ಟನ್ನಿನ ವಿಲಿಯಂ ಚಾನಿಂಗ್ ಎಂಬ ವೈದ್ಯ. ಆತನಿಗೆ ಮೋಸೆಸ್ ಫಾರ್ಮರ್ ಎಂಬ ತಂತ್ರಜ್ಞ ಜೊತೆಯಾದ. ಊರನ್ನು ಒಂದು ದೇಹ ಅಂದುಕೊಳ್ಳಿ, ತಂತಿಗಳೇ ನರಮಂಡಲ - ಇದು ಚಾನಿಂಗನ ಕಲ್ಪನೆ. ಬೆರಳಿಗೆ ಕೆಂಡ ತಾಗಿದರೆ ಮೆದುಳಿಗೆ ಗೊತ್ತಾಗುವಂತೆ, ಬೀದಿಯಲ್ಲಿ ಬೆಂಕಿ ಬಿದ್ದರೆ ಕೇಂದ್ರ ಕಚೇರಿಗೆ ಗೊತ್ತಾಗಬೇಕು. 1852ರ ಏಪ್ರಿಲ್ 28ರಂದು ಜಗತ್ತಿನ ಮೊದಲ ಟೆಲಿಗ್ರಾಫ್ ಫೈರ್ ಅಲಾರಂ ಬಾಸ್ಟನ್ನಿನಲ್ಲಿ ಶುರುವಾಯಿತು. ಬೀದಿಬೀದಿಯಲ್ಲಿ ಡಬ್ಬಿ, ಪ್ರತಿ ಡಬ್ಬಿಗೆ ಒಂದು ನಂಬರು. ಡಬ್ಬಿಯ ಹಿಡಿ ತಿರುಗಿಸಿದರೆ ಆ ನಂಬರು ತಾನಾಗಿಯೇ ತಂತಿಯಲ್ಲಿ ಹೋಗುತ್ತದೆ. ಜನರಿಗೆ ಮೋರ್ಸ್ ಸಂಕೇತ ಗೊತ್ತಿರಬೇಕಿಲ್ಲ. ಎಂಥಾ ಸೊಗಸಾದ ಡಿಸೈನ್ ಅಲ್ವಾ?

ಮಾರನೇ ದಿನವೇ ಮೊದಲ ನಿಜವಾದ ಬೆಂಕಿ. ಒಬ್ಬಾತ ಓಡಿಬಂದು ಹಿಡಿ ತಿರುಗಿಸಿದ. ಮನೆಗೆ ಬೆಂಕಿ ಬಿದ್ದಾಗ ಯಾರಾದರೂ ನಿಧಾನಕ್ಕೆ ತಿರುಗಿಸುತ್ತಾರಾ? ಗರಗರ ಅಂತ ತಿರುಗಿಸಿದ. ಕೇಂದ್ರ ಕಚೇರಿಯಲ್ಲಿ ಬಂದ ಸಂಕೇತ ಕಲಸುಮೇಲೋಗರ. ಕೊನೆಗೆ ಆತನೇ ಕಚೇರಿಯವರೆಗೆ ಹೋಗಿ ಬಾಯಲ್ಲಿ ಹೇಳಬೇಕಾಯಿತಂತೆ! ಬಾಸ್ಟನ್ನಿನವರು ಇಂದಿಗೂ ಹೇಳುವ ಕಥೆ ಇದು. ಮುಂದೆ ಜಾನ್ ಗೇಮ್‌ವೆಲ್ ಎಂಬಾತ ಇದರ ಹಕ್ಕುಗಳನ್ನು ಕೊಂಡು ಅಮೆರಿಕದ ಊರೂರಿಗೆ ಡಬ್ಬಿ ಹಾಕಿಸಿದ. ತಿರುಗಿಸುವ ಹಿಡಿ ಹೋಗಿ ಎಳೆದು ಬಿಡುವ ಹಿಡಿ ಬಂತು. ನೀವು ಎಷ್ಟೇ ಗಾಬರಿಯಲ್ಲಿ ಎಳೆಯಿರಿ, ಒಳಗಿನ ಗಡಿಯಾರದಂಥ ಯಂತ್ರ ತನ್ನದೇ ವೇಗದಲ್ಲಿ ನಂಬರು ಕಳಿಸುತ್ತದೆ. ಮನುಷ್ಯ ಗಾಬರಿಯಾಗುತ್ತಾನೆ ಎನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡ ಡಿಸೈನು.

ಚಿಕಾಗೊ, 1871

ಈಗ ಶೀರ್ಷಿಕೆಯ ಕಥೆಗೆ ಬರೋಣ. 1871ರ ಅಕ್ಟೋಬರ್ 8, ಭಾನುವಾರ ರಾತ್ರಿ. ಚಿಕಾಗೊದಲ್ಲಿ ಆಗ 17 ಉಗಿ ಇಂಜಿನ್‌ಗಳು, 185 ಮಂದಿ ಸಿಬ್ಬಂದಿ, ಬೀದಿಗಳಲ್ಲಿ ಅಲಾರಂ ಡಬ್ಬಿಗಳು, ಜೊತೆಗೆ ಕೋರ್ಟ್‌ಹೌಸ್ ಗೋಪುರದ ಮೇಲೆ ಕಾವಲುಗಾರ. ಆ ಕಾಲಕ್ಕೆ ಇದು ಏನೇನೂ ಕಡಿಮೆಯಲ್ಲ. ಡಿ ಕೋವೆನ್ ಬೀದಿಯ ಓ'ಲಿಯರಿ ಕುಟುಂಬದ ಕೊಟ್ಟಿಗೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. (ಹಸು ಒದ್ದು ಲಾಂದ್ರ ಬೀಳಿಸಿತು ಎಂಬ ಕಥೆಗೆ ಯಾವ ಆಧಾರವೂ ಇಲ್ಲ. 1997ರಲ್ಲಿ ಚಿಕಾಗೊದ ನಗರಸಭೆಯೇ ಓ'ಲಿಯರಿಯಮ್ಮನನ್ನೂ ಆಕೆಯ ಹಸುವನ್ನೂ ನಿರ್ದೋಷಿ ಎಂದು ಸಾರಿತು. ಪಾಪದ ಹಸು!)

ಗೋಪುರದ ಕಾವಲುಗಾರ ಮಥಾಯಸ್ ಶಾಫರ್ ಹೊಗೆ ಕಂಡ. ಹಿಂದಿನ ರಾತ್ರಿ ಇದೇ ಕಡೆ ಒಂದು ದೊಡ್ಡ ಬೆಂಕಿ ಬಿದ್ದು ಆರಿತ್ತು, ಅದರ ಕೆಂಡ ಇನ್ನೂ ಕಣ್ಣಿಗೆ ಕಾಣುತ್ತಿತ್ತು. ಎಲ್ಲಿ ಹಳೇದು, ಎಲ್ಲಿ ಹೊಸದು ಎಂದು ಕತ್ತಲಲ್ಲಿ ಅಳೆಯಲು ಆತನಿಗೆ ಆಗಲಿಲ್ಲ. ಕೆಳಗೆ ಕೂತಿದ್ದ ಟೆಲಿಗ್ರಾಫ್ ಆಪರೇಟರ್ ವಿಲಿಯಂ ಬ್ರೌನ್‌ಗೆ "ಡಬ್ಬಿ 342 ಬಾರಿಸು" ಅಂದ. ಬ್ರೌನ್ ಬಾರಿಸಿದ. ಆದರೆ 342 ಇದ್ದದ್ದು ಬೆಂಕಿಯಿಂದ ಸುಮಾರು ಒಂದು ಮೈಲಿ ಆಚೆ.

ಕೆಲವು ನಿಮಿಷಗಳಲ್ಲಿ ಶಾಫರ್‌ಗೆ ತಪ್ಪು ಗೊತ್ತಾಯಿತು. "319 ಬಾರಿಸು, ಅದು ಹತ್ತಿರ" ಅಂದ. ಇಲ್ಲಿದೆ ನೋಡಿ ಇಡೀ ಕಥೆಯ ತಿರುಳು. ಬ್ರೌನ್ ಒಪ್ಪಲಿಲ್ಲ! ಈಗ ಇನ್ನೊಂದು ನಂಬರು ಕಳಿಸಿದರೆ ಹೊರಟವರಿಗೆ ಗೊಂದಲವಾಗುತ್ತದೆ, ಹೇಗೂ 342ಕ್ಕೆ ಹೋಗುವ ದಾರಿಯಲ್ಲೇ ಬೆಂಕಿ ಸಿಗುತ್ತದೆ ಎಂದು ಆತನ ತರ್ಕ. ಮತ್ತೊಮ್ಮೆ 342ನ್ನೇ ಬಾರಿಸಿದ.

ಬ್ರೌನ್ ಮೂರ್ಖನಲ್ಲ, ಸೋಮಾರಿಯೂ ಅಲ್ಲ. ಒಂದು ನಂಬರು ಬಿಟ್ಟು ಬೇರೇನನ್ನೂ ಹೇಳಲಾಗದ ಯಂತ್ರ ಆತನ ಕೈಯಲ್ಲಿತ್ತು. 'ಮೊದಲು ಹೇಳಿದ್ದು ತಪ್ಪು, ಈಗ ಹೇಳುವುದು ಸರಿ' ಎನ್ನಲು ಆ ಯಂತ್ರದಲ್ಲಿ ಪದವೇ ಇರಲಿಲ್ಲ. ಎರಡನೇ ನಂಬರು ಕೇಳಿದವರು ಅದನ್ನು ಇನ್ನೊಂದು ಬೆಂಕಿ ಅಂದುಕೊಳ್ಳುತ್ತಿದ್ದರು.

ಅವತ್ತು ಮೊದಲು ಸ್ಥಳ ಮುಟ್ಟಿದ್ದು 'ಲಿಟ್ಲ್ ಜಯಂಟ್' ಎಂಬ ಇಂಜಿನ್ನು. ಅವರು ಅಲಾರಂ ಕಾಯಲೇ ಇಲ್ಲ, ತಮ್ಮ ಠಾಣೆಯ ಮೇಲಿನಿಂದ ಕಣ್ಣಾರೆ ನೋಡಿ ಹೊರಟವರು. ಆ ಒಂದು ತಪ್ಪಿನಿಂದಲೇ ಚಿಕಾಗೊ ಸುಟ್ಟಿತು ಎನ್ನುವುದು ಅನ್ಯಾಯ. ತಿಂಗಳುಗಟ್ಟಲೆ ಮಳೆಯಿಲ್ಲ, ಮನೆಗಳಿಂದ ಹಿಡಿದು ಕಾಲುದಾರಿಯವರೆಗೆ ಎಲ್ಲವೂ ಮರ, ಬೀಸುಗಾಳಿ, ಹಿಂದಿನ ರಾತ್ರಿಯೆಲ್ಲಾ ದುಡಿದು ಸುಸ್ತಾದ ಸಿಬ್ಬಂದಿ... ಬೆಂಕಿ ನದಿ ದಾಟಿತು, ನೀರು ಸರಬರಾಜಿನ ಪಂಪುಮನೆಯನ್ನೇ ಸುಟ್ಟಿತು. ಸುಮಾರು 300 ಜನ ಸತ್ತರು, ಸುಮಾರು ಒಂದು ಲಕ್ಷ ಜನ ಮನೆ ಕಳೆದುಕೊಂಡರು. ಆದರೆ ಬೆಂಕಿ ಒಂದು ಕೊಟ್ಟಿಗೆಯಷ್ಟೇ ಇದ್ದ ಆ ಮೊದಲ ನಿಮಿಷಗಳು 342ರ ದಾರಿಯಲ್ಲಿ ಕಳೆದುಹೋದದ್ದು ಸುಳ್ಳಲ್ಲ.

ಪ್ಯಾರಿಸ್, 2019

ಇದು ಹಳೇ ಕಾಲದ ಮಾತಾಯ್ತು, ಈಗೆಲ್ಲಾ ಹೀಗಾಗಲ್ಲ ಅನ್ನುತ್ತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಈಗ 148 ವರ್ಷ ಮುಂದೆ ಬನ್ನಿ.

2019ರ ಏಪ್ರಿಲ್ 15, ಸೋಮವಾರ ಸಂಜೆ. ಪ್ಯಾರಿಸ್ಸಿನ ನಾತ್ರ್ ದಾಮ್ ಚರ್ಚು. ಅಲ್ಲಿ ಹೊಗೆ ಪತ್ತೆಹಚ್ಚುವ ವ್ಯವಸ್ಥೆ ಸಾಧಾರಣದ್ದಲ್ಲ. ಗಾಳಿಯನ್ನು ಹೀರಿ ಹೊಗೆಯ ಕಣ ಹುಡುಕುವ ಸಾಧನಗಳೂ ಸೇರಿ 160ಕ್ಕೂ ಹೆಚ್ಚು ಡಿಟೆಕ್ಟರುಗಳು. ಪರಿಣತರು ವರ್ಷಗಟ್ಟಲೆ ಕೂತು ರೂಪಿಸಿದ್ದು. 6:20ರ ಆಸುಪಾಸಿನಲ್ಲಿ ಆ ವ್ಯವಸ್ಥೆ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತು. ಕೆಂಪು ದೀಪ ಹತ್ತಿತು, ಪರದೆಯ ಮೇಲೆ ಸಂದೇಶ ಬಂತು. 'ಅಟ್ಟ, ನೇವ್, ಸ್ಯಾಕ್ರಿಸ್ಟಿ' ಎಂಬರ್ಥದ ಮೂರು ಪದ, ಜೊತೆಗೆ ಝಡ್‌ಡಿಎ-110-3-15-1 ಎಂಬ ಸಂಕೇತ. ನೇವ್ ಅಂದರೆ ಚರ್ಚಿನ ನಡುಭಾಗದ ದೊಡ್ಡ ಸಭಾಂಗಣ. ಸ್ಯಾಕ್ರಿಸ್ಟಿ ಅಂದರೆ ಪೂಜಾ ಸಾಮಗ್ರಿ ಇಡುವ ಪಕ್ಕದ ಕಟ್ಟಡ.

ಈಗ ನೀವೇ ಹೇಳಿ, ಬೆಂಕಿ ಎಲ್ಲಿ? ದೊಡ್ಡ ಸಭಾಂಗಣದ ಮೇಲಿನ ಅಟ್ಟದಲ್ಲೋ, ಪಕ್ಕದ ಕಟ್ಟಡದ ಅಟ್ಟದಲ್ಲೋ?

ಪರದೆಯ ಮುಂದಿದ್ದ ನೌಕರ ಆ ಕೆಲಸಕ್ಕೆ ಸೇರಿ ಆಗಿದ್ದದ್ದು ಮೂರೇ ದಿನ. ಆತ ಹೇಳಿದ್ದೇನು, ಆ ಕಡೆಯವರು ಕೇಳಿಸಿಕೊಂಡಿದ್ದೇನು ಎಂಬ ಬಗ್ಗೆ ಆಮೇಲೆ ಬೇಕಾದಷ್ಟು ವಾದ ನಡೆಯಿತು. ನಡೆದದ್ದು ಇಷ್ಟು: ಕಾವಲುಗಾರ ಹೋಗಿ ನೋಡಿದ್ದು ಸ್ಯಾಕ್ರಿಸ್ಟಿಯ ಅಟ್ಟವನ್ನು. ಅಲ್ಲಿ ಏನೂ ಇರಲಿಲ್ಲ. ತಪ್ಪು ಗೊತ್ತಾಗಿ, ಸುಮಾರು 300 ಮೆಟ್ಟಿಲು ಹತ್ತಿ ಚರ್ಚಿನ ನಿಜವಾದ ಅಟ್ಟ ತಲುಪುವ ಹೊತ್ತಿಗೆ ಅಲ್ಲಿನ ನೂರಾರು ವರ್ಷ ಹಳೆಯ ತೊಲೆಗಳು ಧಗಧಗ ಉರಿಯುತ್ತಿದ್ದವು. ಕಣ್ಣಾರೆ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಅಗ್ನಿಶಾಮಕ ದಳಕ್ಕೆ ಫೋನ್ ಮಾಡುವ ಪದ್ಧತಿ ಅಲ್ಲಿತ್ತು, ಅಲಾರಂ ನೇರವಾಗಿ ದಳಕ್ಕೆ ಹೋಗುತ್ತಿರಲಿಲ್ಲ. ಫೋನ್ ಹೋಗುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. 8 ಗಂಟೆಗೆ ಸ್ವಲ್ಪ ಮೊದಲು ಶಿಖರ ಮುರಿದು ಬಿತ್ತು. ಜಗತ್ತೇ ಟಿವಿಯಲ್ಲಿ ನೋಡಿತು.

ಡಬ್ಬಿ 342 ಮತ್ತೆ ಬಾರಿಸಿತ್ತು.

ಅವತ್ತು ರಾತ್ರಿ ಅಲ್ಲಿ ಭವಿಷ್ಯದ ತಂತ್ರಜ್ಞಾನವೂ ಇತ್ತು ಎನ್ನುವುದನ್ನು ಮರೆಯಬಾರದು. 'ಕೊಲೊಸಸ್' ಎಂಬ ಅರ್ಧ ಟನ್ ತೂಕದ ರೋಬಾಟು, ಟ್ಯಾಂಕಿನಂತೆ ಪಟ್ಟಿಯ ಮೇಲೆ ಉರುಳುತ್ತಾ, ಛಾವಣಿ ಕುಸಿಯುವ ಭಯದಿಂದ ಮನುಷ್ಯರನ್ನು ಹೊರಗೆ ಕರೆಸಿಕೊಂಡ ಜಾಗಕ್ಕೆ ಹೋಗಿ ನೀರು ಸುರಿಯಿತು. ಮೇಲಿನಿಂದ ಡ್ರೋನುಗಳು ಬೆಂಕಿಯ ನಡೆ ತೋರಿಸಿದವು. ಒಂದು ಜೀವವೂ ಹೋಗಲಿಲ್ಲ. ಆದರೂ ಉತ್ತರದ ಗೋಪುರಕ್ಕೆ ಬೆಂಕಿ ಹತ್ತಿ, ಅದರೊಳಗಿನ ಭಾರೀ ಗಂಟೆಗಳು ಬಿದ್ದರೆ ಇಡೀ ಚರ್ಚೇ ಕುಸಿಯುತ್ತದೆ ಎನ್ನುವ ಹೊತ್ತಿನಲ್ಲಿ, ಪೈಪು ಹೊತ್ತು ಮೇಲೆ ಹತ್ತಿದ್ದು ಮನುಷ್ಯರ ಒಂದು ತಂಡ. ಬ್ರೇಡ್‌ವುಡ್ ಇದ್ದಿದ್ದರೆ ತಲೆದೂಗುತ್ತಿದ್ದ. 2024ರ ಡಿಸೆಂಬರಿನಲ್ಲಿ ಚರ್ಚು ಮತ್ತೆ ತೆರೆಯಿತು.

ಮೌನವಾಗಿದ್ದ ಸೈರನ್ನು

ಇನ್ನೊಂದೇ ಉದಾಹರಣೆ ಕೊಟ್ಟು ಮುಗಿಸುತ್ತೇನೆ. 2023ರ ಆಗಸ್ಟ್ 8, ಹವಾಯಿಯ ಮಾವಿ ದ್ವೀಪದ ಲಹೈನಾ ಪಟ್ಟಣ. ಕಾಡ್ಗಿಚ್ಚು ಊರೊಳಗೆ ನುಗ್ಗಿ ನೂರಕ್ಕೂ ಹೆಚ್ಚು ಜನ ಸತ್ತರು. ಊರಿನ ಸುತ್ತಮುತ್ತ ಎಚ್ಚರಿಕೆಯ ಸೈರನ್ನುಗಳಿದ್ದವು, ಕೆಟ್ಟೂ ಇರಲಿಲ್ಲ. ಆದರೆ ಅಧಿಕಾರಿಗಳು ಬಾರಿಸಲಿಲ್ಲ. ಯಾಕೆ? ಅಲ್ಲಿನ ಜನಕ್ಕೆ ಸೈರನ್ ಅಂದರೆ ಸುನಾಮಿ. ಸುನಾಮಿ ಬಂದರೆ ಬೆಟ್ಟದ ಕಡೆ ಓಡಬೇಕು ಎಂದು ಕಲಿಸಲಾಗಿತ್ತು. ಬೆಂಕಿ ಬರುತ್ತಿದ್ದದ್ದು ಬೆಟ್ಟದ ಕಡೆಯಿಂದಲೇ. ಬಾರಿಸಿದರೆ ಜನ ಬೆಂಕಿಗೇ ಓಡಿಯಾರು ಎಂದು ಆ ವಿಭಾಗದ ಮುಖ್ಯಸ್ಥರು ಸಮರ್ಥಿಸಿಕೊಂಡರು, ಮರುದಿನ ರಾಜೀನಾಮೆ ಕೊಟ್ಟರು. ಅವರು ಮಾಡಿದ್ದು ಸರಿಯೋ ತಪ್ಪೋ, ನನಗೆ ಕೇಳಿಸಿದ್ದು ಮಾತ್ರ ಬ್ರೌನನ ದನಿ. 'ಗೊಂದಲವಾಗುತ್ತದೆ.' ಒಂದೇ ಒಂದು ಶಬ್ದ ಬಿಟ್ಟು ಬೇರೇನೂ ಹೇಳಲಾಗದ ಯಂತ್ರ, ಮತ್ತೆ.

ಇವೆಲ್ಲಾ ಓದಿದ ಮೇಲೆ ನನಗನ್ನಿಸಿದ್ದು ಇಷ್ಟು. ಬೆಂಕಿಯ ಜೊತೆಗಿನ ಹೋರಾಟದಲ್ಲಿ ಪ್ರತಿ ಸಲ ಒಂದು ತೊಡಕು ಬಿಡಿಸಿದಾಗಲೂ, ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬಾಟಲ್‌ನೆಕ್ ಮುಂದಕ್ಕೆ ಸರಿದಿದೆ ಅಷ್ಟೇ. ಮೊದಲು ನೀರಿರಲಿಲ್ಲ, ಪೈಪು ಮತ್ತು ಉಗಿ ಬಂತು. ಆಮೇಲೆ ಸುದ್ದಿ ತಡವಾಗುತ್ತಿತ್ತು, ತಂತಿ ಬಂತು. ಈಗ ಸುದ್ದಿ ಕ್ಷಣದಲ್ಲಿ ಬರುತ್ತದೆ. ಬಂದ ಸುದ್ದಿ ಅರ್ಥವಾಗುವುದೇ ತೊಡಕು.

ಮುಂದೆ ಬರುತ್ತಿರುವುದೆಲ್ಲಾ ಸುದ್ದಿಯ ಪ್ರವಾಹವೇ. ಕ್ಯಾಲಿಫೋರ್ನಿಯಾದ ಬೆಟ್ಟಗಳ ಮೇಲೆ ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳಿವೆ. 2023ರಿಂದ ಕೃತಕ ಬುದ್ಧಿಮತ್ತೆ ಅವುಗಳ ಚಿತ್ರದಲ್ಲಿ ಹೊಗೆ ಹುಡುಕುತ್ತಿದೆ. 2025ರ ಮಾರ್ಚಿನಲ್ಲಿ 'ಫೈರ್‌ಸ್ಯಾಟ್' ಸರಣಿಯ ಮೊದಲ ಉಪಗ್ರಹ ಹಾರಿತು. ಇಂಥ 50ಕ್ಕೂ ಹೆಚ್ಚು ಉಪಗ್ರಹ ಹಾರಿಸಿ, 5 ಮೀಟರ್ ಉದ್ದ 5 ಮೀಟರ್ ಅಗಲದ ಬೆಂಕಿಯನ್ನೂ ಆಕಾಶದಿಂದಲೇ ಗುರುತಿಸುವ ಯೋಜನೆ. ಹೊಗೆಯೊಳಗೆ ಬಾಗಿಲು, ಮೆಟ್ಟಿಲುಗಳ ಅಂಚನ್ನು ಗೆರೆ ಎಳೆದು ಕಣ್ಣ ಮುಂದೆ ತೋರಿಸುವ ಹೆಲ್ಮೆಟ್ಟುಗಳು ತಯಾರಾಗುತ್ತಿವೆ. ಇದರಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಈ ಹೆಲ್ಮೆಟ್ಟೇ. ಯಾಕೆಂದರೆ ಅದು ಅಂಕಿ, ಸಂಕೇತ, ನಕ್ಷೆ ಏನನ್ನೂ ಹೇಳುವುದಿಲ್ಲ. ಬಾಗಿಲು ಇಲ್ಲಿದೆ ಎಂದು ಬಾಗಿಲನ್ನೇ ತೋರಿಸುತ್ತದೆ.

ಹಾಗಾಗಿ ಯಾರಾದರೂ ಹೊಸ ಯಂತ್ರ ತಂದು ಹೊಗಳಿದರೆ ನಾನು ಕೇಳುವ ಪ್ರಶ್ನೆಗಳು ಈಗ ಎರಡೇ. ಕೆಲಸಕ್ಕೆ ಸೇರಿ ಮೂರು ದಿನವಾದವನಿಗೆ ಇದು ಹೇಳಿದ್ದು ಅರ್ಥವಾಗುತ್ತದಾ? ಒಮ್ಮೆ ತಪ್ಪು ಹೇಳಿದರೆ 'ಅದಲ್ಲ, ಇದು' ಎಂದು ತಿದ್ದಿ ಹೇಳಲು ಅದಕ್ಕೆ ಬರುತ್ತದಾ?

ಈ ಪ್ರಶ್ನೆಯನ್ನು ಮೊದಲು ನನಗೇ ಕೇಳಿಕೊಳ್ಳಬೇಕಾಯಿತು. ನಮ್ಮ ಟೀಮಿನಲ್ಲಿ ಸರ್ವರ್ ಬಿದ್ದರೆ ಸರದಿಯಲ್ಲಿರುವವರ ಫೋನಿಗೆ ಒಂದು ಎಚ್ಚರಿಕೆ ಹೋಗುತ್ತದೆ. ಅದನ್ನು ಬರೆದವನು ನಾನೇ. ಒಂದು ಮಾಡ್ಯೂಲಿನ ಹೆಸರು, ಒಂದು ಎರರ್ ಕೋಡು, ಅಷ್ಟೇ. ನನಗೆ ಸ್ಫಟಿಕದಷ್ಟು ಸ್ಪಷ್ಟ! ಹೊಸದಾಗಿ ಸೇರಿದ ಹುಡುಗಿಯೊಬ್ಬಳು ರಾತ್ರಿ ಎರಡು ಗಂಟೆಗೆ ಅದನ್ನು ಓದಿ ಸರಿಯಿದ್ದ ಸರ್ವರನ್ನು ರೀಸ್ಟಾರ್ಟ್ ಮಾಡಿದ್ದಳು. ಮಾರನೇ ದಿನದ ಮೀಟಿಂಗಿನಲ್ಲಿ ಎಲ್ಲರೂ ಅವಳ ಮುಖ ನೋಡಿದರು, ನಾನೂ ನೋಡಿದೆ. ನಾತ್ರ್ ದಾಮಿನ ಕಥೆ ಓದಿದ ಮೇಲೆ ಅವಳ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಇಬ್ಬರೂ ಕೂತು ಆ ಸಂದೇಶವನ್ನು ಮತ್ತೆ ಬರೆದೆವು. ಏನು ಕೆಟ್ಟಿದೆ, ಎಲ್ಲಿ, ಮೊದಲು ಏನು ಮಾಡಬೇಕು, ಏನು ಮುಟ್ಟಬಾರದು. ನಾಲ್ಕು ಸಾಲು. ನಮ್ಮ ಸರ್ವರ್ ಬಿದ್ದರೆ ಯಾರೂ ಸಾಯುವುದಿಲ್ಲ, ನಿಜ. ಆದರೆ ಅಭ್ಯಾಸ ಅಂತ ಒಂದು ಇರುತ್ತಲ್ಲ.

ಇಷ್ಟೆಲ್ಲಾ ಬರೆದ ಮೇಲೆ ನನ್ನ ಕಣ್ಣ ಮುಂದೆ ಬರುವುದು ಆ ಇಸ್ತ್ರಿ ಅಣ್ಣನೇ. ಮೊಪೆಡ್ ಹತ್ತಿ ಹೋಗಿ, ತಿರುವಿನಲ್ಲಿ ನಿಂತು, ಎರಡೂ ಕೈ ಬೀಸುತ್ತಾ "ಆ ಕಡೆ ಅಲ್ಲ, ಈ ಕಡೆ" ಎಂದ ಮನುಷ್ಯ. ಬ್ರೌನನ ಯಂತ್ರಕ್ಕೆ ಬಾರದ ಮಾತು ಅದೊಂದೇ ಆಗಿತ್ತು.

ಈಗ ನಮ್ಮ ಮನೆ ಬಾಗಿಲ ಹಿಂದೆ ಒಂದು ಚೀಟಿ ಅಂಟಿಸಿದ್ದೇನೆ. ಮನೆ ನಂಬರು, ಕ್ರಾಸು, ಮೇನು, *ಎರಡನೇ* ಹಂತ, ಹತ್ತಿರದ ಗಣೇಶನ ಗುಡಿ, ಎಲ್ಲಾ. ಎದುರಿನ ಕಟ್ಟಡದವರಿಗೂ ಒಂದೊಂದು ಕೊಟ್ಟೆ. ನೀವೂ ಒಮ್ಮೆ ನಿಮ್ಮ ವಿಳಾಸವನ್ನು, ಈ ಊರನ್ನೇ ನೋಡದವರಿಗೆ ಹೇಳುವಂತೆ, ಜೋರಾಗಿ ಹೇಳಿ ನೋಡಿ. ಎಲ್ಲಿ ತಡವರಿಸುತ್ತೀರೋ ಅಲ್ಲೇ ನಿಮ್ಮ ಡಬ್ಬಿ ನಂಬರ್ 342 ಇದೆ ಅಂತ ತಿಳಿಯಿರಿ :)

ನಿಮ್ಮ ಬೀದಿಯಲ್ಲೂ ಇಂಥ ಅನುಭವ ಆಗಿದ್ದರೆ ದಯವಿಟ್ಟು ಬರೆಯಿರಿ.